ಗಿಡದ ಬುಡಕ್ಕೆ ಹಳೇ ಮರ: ಹೊದಿಕೆಯೋ, ನಂಜೋ?

ಹಳೇ ಬಾಗಿಲು ಒಡೆದರೆ ಸೌದೆ. ಸೌದೆ ಉರಿದರೆ ಬೂದಿ. ಬೂದಿ ಗಿಡದ ಬುಡಕ್ಕೆ. ನಂಜನಗೂಡು, ಟಿ. ನರಸೀಪುರ ಸೀಮೆಯಲ್ಲಿ ಮರದ ಲೆಕ್ಕ ತಲೆತಲಾಂತರದಿಂದ ಇಷ್ಟೇ. ಮಣ್ಣಿನಿಂದ ಬಂದದ್ದು ಮಣ್ಣಿಗೆ ಹೋಯಿತು, ಅದರಲ್ಲಿ ಕೆಡುಕೇನು ಬಂತು ಎಂಬ ನಂಬಿಕೆ. ಹೊನ್ನೆ, ಮತ್ತಿ, ಬೇವು, ಹಲಸಿನ ಕಾಲಕ್ಕೆ ಆ ನಂಬಿಕೆ ಸರಿಯಾಗಿಯೇ ಇತ್ತು.

ಈಗ ಕಾಲ ಬದಲಾಗಿದೆ. ಮರವೂ ಬದಲಾಗಿದೆ. ಗೆದ್ದಲು ಹತ್ತಬಾರದು, ಹುಳು ಕೊರೆಯಬಾರದು, ಬೂಷ್ಟು ಹಿಡಿಯಬಾರದು ಎಂದು ಇವತ್ತು ಎಷ್ಟೋ ಮರಕ್ಕೆ ಮದ್ದು ಕುಡಿಸಿರುತ್ತಾರೆ. ಹುಳುವನ್ನು ಕೊಲ್ಲುವ ಮದ್ದು ಮನುಷ್ಯನಿಗೆ ಅಮೃತವಾದೀತೇ? ಅಂಥ ಮರ ಹಲಗೆಯಾಗಿ ಗೋಡೆಯಲ್ಲೋ, ಕಂಬವಾಗಿ ಬೇಲಿಯಲ್ಲೋ ಇರುವವರೆಗೆ ಉಪದ್ರವ ಕಡಿಮೆ. ಅದನ್ನೇ ಯಂತ್ರಕ್ಕೆ ಕೊಟ್ಟು ಚೂರು ಮಾಡಿ, ಗಿಡಕ್ಕೆ ಹೊದಿಕೆ ಎಂದು ಬುಡಕ್ಕೆ ಸುರಿದರೆ ಕಥೆ ಬೇರೆಯಾಗುತ್ತದೆ.

ಹೊದಿಕೆ ಹಾಕುವುದು ಕೆಟ್ಟ ಪದ್ಧತಿಯಲ್ಲ. ಬಿಸಿಲಿಗೆ ತೇವ ಆರುವುದಿಲ್ಲ, ಕಳೆ ಏಳುವುದಿಲ್ಲ, ಮಳೆಯ ಹೊಡೆತಕ್ಕೆ ಮೇಲ್ಮಣ್ಣು ಕೊಚ್ಚಿಹೋಗುವುದಿಲ್ಲ. ಕಬ್ಬಿನ ತರಗು, ಬಾಳೆ ಎಲೆ, ತೆಂಗಿನ ಗರಿ ಹಾಸುವುದು ಈ ಭಾಗದ ರೈತರಿಗೆ ಯಾರೂ ಹೇಳಿಕೊಟ್ಟ ಪಾಠವಲ್ಲ. ಪೇಟೆಯವರು ಇದಕ್ಕೆ ಮಲ್ಚಿಂಗ್ ಎಂದು ಹೆಸರಿಟ್ಟರು. ಬಡಾವಣೆಗಳು ಬೆಳೆದಂತೆಲ್ಲ ಮನೆ ಮುಂದೆ ಹೂದೋಟ, ತಾರಸಿ ಮೇಲೆ ಕುಂಡ ಬಂದವು. ತರಗು ಸಿಗದ ಕಡೆ ಮರದ ಚೂರು, ಸಾಮಿಲ್ಲಿನ ಹೊಟ್ಟು ಬಂತು. ತಕರಾರು ಹೊದಿಕೆಯ ಮೇಲಲ್ಲ. ಆ ಚೂರು ಯಾವ ಮರದ್ದು, ಅದು ಮೊದಲು ಏನಾಗಿತ್ತು ಎಂಬ ಪ್ರಶ್ನೆ ಯಾರೂ ಕೇಳದೆ ಇರುವುದೇ ತಕರಾರು.

"ಮರ ತಾನೇ ಸ್ವಾಮಿ, ಏನಾಗ್ತದೆ ಬುಡಿ" ಎಂಬ ಮಾತು ಎಲ್ಲ ಕಡೆ ಸಲೀಸು. ಏನಾಗ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಮದ್ದು ಕುಡಿದ ಮರ

ಮರಕ್ಕೆ ಕುಡಿಸುವ ಮದ್ದುಗಳಲ್ಲಿ ಲೋಕಪ್ರಸಿದ್ಧವಾದದ್ದು ಮೂರು ವಸ್ತುಗಳ ಮಿಶ್ರಣ: ತಾಮ್ರ, ಕ್ರೋಮಿಯಂ, ಆರ್ಸೆನಿಕ್. ಮೂರರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಇದಕ್ಕೆ ಸಿ.ಸಿ.ಎ. ಎನ್ನುತ್ತಾರೆ. ಆರ್ಸೆನಿಕ್ ಎಂದರೆ ಹಳಬರು ಶಂಖಪಾಷಾಣ ಎನ್ನುತ್ತಿದ್ದ ವಿಷದ ಮೂಲವಸ್ತು. ಇದು ಪರದೇಶದವರು ನಮ್ಮ ಮೇಲೆ ಹೇರಿದ ಸರಕೇನಲ್ಲ. ಕಂಡುಹಿಡಿದವರು ಭಾರತೀಯರೇ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್ 1930ರ ದಶಕದಲ್ಲಿ ಇದನ್ನು ರೂಪಿಸಿದರು. 'ಆಸ್ಕು' ಎಂಬ ಹೆಸರಿನಲ್ಲಿ ಅದು ಪ್ರಪಂಚ ಸುತ್ತಿತು.

ಕಾಮೇಶನ್ ಮಾಡಿದ ಕೆಲಸ ಸಣ್ಣದಲ್ಲ. ಬೇಗ ಕೊಳೆತುಹೋಗುವ ಅಗ್ಗದ ಮರವೂ ಇದರಿಂದ ದಶಕಗಟ್ಟಲೆ ಬಾಳಿತು. ಕಂಬಕ್ಕೆ, ತೊಲೆಗೆ ಎಂದು ಕಾಡು ಕಡಿಯುವುದು ಅಷ್ಟರಮಟ್ಟಿಗೆ ತಪ್ಪಿತು. ತಾಮ್ರ ಬೂಷ್ಟನ್ನು ತಡೆಯುತ್ತದೆ, ಆರ್ಸೆನಿಕ್ ಗೆದ್ದಲನ್ನು ಕೊಲ್ಲುತ್ತದೆ, ಕ್ರೋಮಿಯಂ ಎರಡನ್ನೂ ಮರದ ನಾರಿಗೆ ಕಚ್ಚಿಹಿಡಿಸುತ್ತದೆ. ಮರವನ್ನು ದೊಡ್ಡ ಕೊಳಾಯಿಯಂಥ ಉಕ್ಕಿನ ತೊಟ್ಟಿಯಲ್ಲಿಟ್ಟು, ಗಾಳಿ ಹೀರಿ, ಒತ್ತಡದಲ್ಲಿ ಮದ್ದು ತುಂಬಿಸುತ್ತಾರೆ. ಮದ್ದು ತೊಗಟೆಯ ಮಾತಾಗಿ ಉಳಿಯುವುದಿಲ್ಲ, ಒಳಗೇ ಇಳಿಯುತ್ತದೆ. ಭಾರತೀಯ ಮಾನಕ ಸಂಸ್ಥೆಯ ಮರ ಸಂರಕ್ಷಣೆಯ ಸಂಹಿತೆ ಐ.ಎಸ್. 401ರಲ್ಲಿ ಈ ಮದ್ದಿಗೂ ಜಾಗವಿದೆ.

ಎರಡನೆಯದು ಕ್ರಿಯೊಸೋಟ್. ಕಲ್ಲಿದ್ದಲ ಟಾರಿನಿಂದ ಬಟ್ಟಿಯಿಳಿಸಿದ ಕಪ್ಪು ಎಣ್ಣೆ. ರೈಲು ಹಳಿಯ ಕೆಳಗಿನ ಮರದ ಸ್ಲೀಪರುಗಳಿಗೆ ಹಿಂದೆ ಇದನ್ನೇ ಕುಡಿಸುತ್ತಿದ್ದರು. ಬಿಸಿಲು ಕಾದಾಗ ಹಳೇ ಸ್ಲೀಪರಿನಿಂದ ಏಳುವ ಡಾಂಬರಿನಂಥ ಘಾಟು ವಾಸನೆ ಇದರದೇ. ಇದರಲ್ಲಿ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳಿವೆ.

ಮೂರನೆಯದು ಮನೆ ಕಟ್ಟುವವರೆಲ್ಲ ಬಲ್ಲ ಗೆದ್ದಲು ಎಣ್ಣೆ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕವನ್ನು ಬೆರೆಸಿ ಬಾಗಿಲು, ಕಿಟಕಿ ಚೌಕಟ್ಟಿಗೆ ಬಳಿಯುವುದು ವಾಡಿಕೆ. ನಾಲ್ಕನೆಯದು ಬೋರಾಕ್ಸ್. ರಬ್ಬರ್ ಮರದ ಪೀಠೋಪಕರಣಕ್ಕೆ ಹುಳು ಬೀಳದಂತೆ ಬಳಸುವ ಮದ್ದು. ಇದು ಮನುಷ್ಯರಿಗೆ ಉಳಿದವುಗಳಷ್ಟು ಕ್ರೂರವಲ್ಲ. ಆದರೆ ನೀರಿಗೆ ಬೇಗ ಬಿಟ್ಟುಕೊಳ್ಳುತ್ತದೆ, ಮಣ್ಣಿನಲ್ಲಿ ಹೆಚ್ಚಾದರೆ ಗಿಡದ ಎಲೆ ಅಂಚಿನಿಂದ ಸುಡುತ್ತದೆ.

ಮದ್ದಲ್ಲದಿದ್ದರೂ ಮದ್ದಿನಷ್ಟೇ ಕೆಟ್ಟದ್ದು ಹಳೇ ಬಣ್ಣ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ಕೇಂದ್ರ ಸರ್ಕಾರದ ನಿಯಮ ಬಂದದ್ದೇ 2016ರಲ್ಲಿ. ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದೆ ಕೋಟಿಂಗ್ ಮೇಲೆ ಕೋಟಿಂಗ್ ಬಳಿಸಿಕೊಂಡ ಬಾಗಿಲುಗಳು ಈಗ ಒಂದೊಂದಾಗಿ ಕಿತ್ತು ಬರುತ್ತಿವೆ. ಅವುಗಳ ಜತೆಗೆ ಸೀಸವೂ ಬರುತ್ತಿದೆ.

ಲೆಕ್ಕ ಏನು ಹೇಳುತ್ತದೆ?

ಅಂಗಡಿಯವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಲೆಕ್ಕ ಹೀಗಿದೆ. ನೆಲದ ಮೇಲಿನ ಬಳಕೆಗೆ ಒಂದು ಘನ ಮೀಟರ್ ಮರಕ್ಕೆ ಸುಮಾರು 4 ಕೆ.ಜಿ. ಸಿ.ಸಿ.ಎ. ಹಿಡಿಸುತ್ತಾರೆ. ಮಣ್ಣಿನಲ್ಲಿ ಹೂಳುವ ಕಂಬಕ್ಕೆ ಇನ್ನೂ ಹೆಚ್ಚು. ಅದರಲ್ಲಿ ಐದನೇ ಒಂದು ಭಾಗ ಆರ್ಸೆನಿಕ್ ಎಂದಿಟ್ಟುಕೊಂಡರೂ ಮುಕ್ಕಾಲು ಕೆ.ಜಿ.ಯಾಯಿತು. ಮಾಮೂಲಿ ಮಣ್ಣಿನಲ್ಲಿ ಕೆ.ಜಿ.ಗೆ ಹತ್ತು ಮಿಲಿಗ್ರಾಂ ಆಸುಪಾಸು ಆರ್ಸೆನಿಕ್ ಇದ್ದರೆ, ಈ ಮರದ ಕೆ.ಜಿ.ಯಲ್ಲಿ ಸಾವಿರ ಮಿಲಿಗ್ರಾಂ ಆಸುಪಾಸು. ನೂರು ಪಟ್ಟು!

ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ. ಮುಕ್ಕಾಲು ಕೆ.ಜಿ. ಆರ್ಸೆನಿಕ್ ಕರಗಿದರೆ ಏಳೂವರೆ ಕೋಟಿ ಲೀಟರ್ ನೀರು ಆ ಗೆರೆ ಮುಟ್ಟುತ್ತದೆ. ಒಂದು ಘನ ಮೀಟರ್ ಮರ ಎಷ್ಟು? ಒಂದು ಎತ್ತಿನ ಗಾಡಿ ಹೇರು.

ಇಲ್ಲಿ ನ್ಯಾಯದ ಮಾತೂ ಆಡಬೇಕು. ಮರದಲ್ಲಿರುವ ಆರ್ಸೆನಿಕ್ ಒಂದೇ ದಿನಕ್ಕೆ ಕರಗಿ ಹೊರಬೀಳುವುದಿಲ್ಲ. ಗಟ್ಟಿ ಕಂಬದಿಂದ ಮಳೆಗೆ ಬಿಟ್ಟುಕೊಳ್ಳುವುದು ಸ್ವಲ್ಪ ಸ್ವಲ್ಪವೇ. ಆದರೆ ಅದೇ ಕಂಬವನ್ನು ಚೂರು ಮಾಡಿದಾಗ? ಬೆಲ್ಲದ ಅಚ್ಚು ನೀರಿನಲ್ಲಿ ಕರಗಲು ಎಷ್ಟು ಹೊತ್ತು, ಪುಡಿ ಬೆಲ್ಲ ಕರಗಲು ಎಷ್ಟು ಹೊತ್ತು ಎಂಬುದನ್ನು ಯಾವ ಹೋಟೆಲಿನವರನ್ನು ಕೇಳಿದರೂ ಹೇಳುತ್ತಾರೆ. ನೀರು ತಗುಲುವ ಮೈ ಹೆಚ್ಚಾದಷ್ಟೂ ಮದ್ದು ಬೇಗ ಬಿಡುತ್ತದೆ. ಹೊದಿಕೆ ಎಂದರೆ ಮಣ್ಣಿನ ಮೇಲೇ ಮಲಗಿ, ಮಳೆಗೆ ನೆನೆದು, ಮಣ್ಣಿನಲ್ಲೇ ಕೊಳೆಯುವ ವಸ್ತು. ಮದ್ದು ಇಳಿಯಲು ಇದಕ್ಕಿಂತ ಅನುಕೂಲ ಬೇರೆ ಬೇಕೆ?

ಇನ್ನೊಂದು ಕುತ್ತು ಬೆರಕೆಯದು. ನೂರು ಚೀಲ ಒಳ್ಳೇ ಚೂರಿಗೆ ಐದೇ ಚೀಲ ಮದ್ದಿನ ಮರದ ಚೂರು ಬೆರೆತರೂ ಒಟ್ಟು ಸರಕು ಮಾಮೂಲಿ ಮಣ್ಣಿಗಿಂತ ನಾಲ್ಕೈದು ಪಟ್ಟು ಆರ್ಸೆನಿಕ್ ಹೊತ್ತಿರುತ್ತದೆ. ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ.

ಅಮೆರಿಕದವರು ಕಲಿತ ಪಾಠ

ಇದು ಕಾಗದದ ಮೇಲಿನ ಭಯವಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಇದು ನಡೆದೇ ಹೋಗಿದೆ. ಅಲ್ಲಿ ಕೆಡವಿದ ಕಟ್ಟಡಗಳ ಮರವನ್ನು ಒಟ್ಟಿಗೆ ಪುಡಿ ಮಾಡಿ, ಕೆಂಪು ಬಣ್ಣ ಹಾಕಿ, ಚೀಲ ಕಟ್ಟಿ ತೋಟದ ಹೊದಿಕೆ ಎಂದು ಮಾರುವ ವ್ಯಾಪಾರ ಬೆಳೆದಿತ್ತು. ವಿಶ್ವವಿದ್ಯಾಲಯದ ಸಂಶೋಧಕರು 2000ದ ದಶಕದಲ್ಲಿ ಅಂಗಡಿಯಿಂದ ಚೀಲ ತಂದು ಪರೀಕ್ಷೆ ಮಾಡಿದರೆ ಬಣ್ಣದ ಅಡಿಯಲ್ಲಿ ಸಿ.ಸಿ.ಎ. ಮರ! ಮದ್ದಿನ ಮರಕ್ಕೆ ಸ್ವಭಾವತಃ ಇರುವ ಹಸಿರು ಛಾಯೆ ಕೆಂಪಿನೊಳಗೆ ಮುಚ್ಚಿಹೋಗಿತ್ತು. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳವರೂ ಬೇಸಿಗೆ ಬಂತೆಂದರೆ ಇಂಥ ಚೀಲಗಳನ್ನೇ ತಂದು ಅಂಗಳಕ್ಕೆ ಹರಡುವವರು. ಊರಿಗೆ ಬಂದಾಗ ಅದೇ ಮಾದರಿ ಇಲ್ಲಿಯ ಮನೆ ಮುಂದೆಯೂ ಆಗಲಿ ಎನ್ನುವವರೂ ಇದ್ದಾರೆ.

ಅಲ್ಲಿಯ ಸರ್ಕಾರ ಸುಮ್ಮನೆ ಕೂರಲಿಲ್ಲ. 2002ರಲ್ಲಿ ಪರಿಸರ ಇಲಾಖೆಗೂ ತಯಾರಕರಿಗೂ ಒಪ್ಪಂದವಾಗಿ, 2003ರ ಕೊನೆಯಿಂದಾಚೆಗೆ ಮನೆಬಳಕೆಯ ಬಹುತೇಕ ಮರಕ್ಕೆ ಸಿ.ಸಿ.ಎ. ಹಾಕುವುದು ನಿಂತಿತು. ಯುರೋಪಿನ ಒಕ್ಕೂಟವೂ 2003ರಲ್ಲಿ ಕಡಿವಾಣ ಹಾಕಿತು. ಆದರೆ ಅಷ್ಟು ವರ್ಷ ಕಟ್ಟಿದ ಬೇಲಿ, ಜಗುಲಿ, ಕಂಬ ಎಲ್ಲಿ ಹೋಗುತ್ತವೆ? ಒಂದಲ್ಲ ಒಂದು ದಿನ ಗುಜರಿಗೇ ಬರಬೇಕು. ಮಾರಾಟ ನಿಂತ ಮೇಲೂ ಸರಕು ಬರುತ್ತಲೇ ಇರುತ್ತದೆ ಎಂಬುದು ಫ್ಲಾರಿಡಾ ಹೇಳಿದ ಪಾಠ.

ಸುಟ್ಟರೆ ಇನ್ನೂ ಕಷ್ಟ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಳ್ಳಿಯೊಂದರ ಎಂಟು ಮಂದಿಯ ಸಂಸಾರದ ಸಂಗತಿ 1984ರಲ್ಲಿ ಅಲ್ಲಿಯ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರತಿ ಚಳಿಗಾಲ ಮನೆಮಂದಿಗೆಲ್ಲ ಕಾಯಿಲೆ, ಕೂದಲು ಉದುರುವುದು, ಚರ್ಮದ ತೊಂದರೆ. ಬೇಸಿಗೆ ಬಂದರೆ ಸುಧಾರಣೆ. ವರ್ಷಗಟ್ಟಲೆ ಯಾರಿಗೂ ಗುಟ್ಟು ತಿಳಿಯಲಿಲ್ಲ. ಕೊನೆಗೆ ನೋಡಿದರೆ, ಮನೆ ಬೆಚ್ಚಗಿಡಲು ಒಲೆಗೆ ಹಾಕುತ್ತಿದ್ದ ಸೌದೆ ಸಿ.ಸಿ.ಎ. ಕುಡಿದ ಪ್ಲೈವುಡ್ ತುಂಡುಗಳು!

ಪಾಷಾಣ ಏನು ಮಾಡುತ್ತದೆಂದು ಕರ್ನಾಟಕ ಕಂಡಿದೆ

ಆರ್ಸೆನಿಕ್ ಎಂದರೆ ಬಂಗಾಳದ ಸಮಾಚಾರ ಎಂದು ಈ ಕಡೆಯವರು ಅಂದುಕೊಂಡಿದ್ದುಂಟು. ಯಾದಗಿರಿ ಜಿಲ್ಲೆ ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಹೆಸರು 2010ರ ಆಸುಪಾಸಿನಲ್ಲಿ ಹೊರಬಿದ್ದಾಗ ಆ ಭ್ರಮೆ ಹೋಯಿತು. ಅಲ್ಲಿ ಅಂತರ್ಜಲದಲ್ಲೇ ಆರ್ಸೆನಿಕ್. ಹಳೇ ಚಿನ್ನದ ಗಣಿಗಳ ಸೀಮೆ ಅದು, ಅಲ್ಲಿಯ ವಿಷ ಬಂಡೆಯಿಂದ ಬಂದದ್ದೇ ಹೊರತು ಮರದಿಂದಲ್ಲ. ಆದರೆ ವಿಷ ಎಲ್ಲಿಂದ ಬಂದರೇನು, ದೇಹಕ್ಕೆ ಮಾಡುವ ಕೆಲಸ ಒಂದೇ. ಮೈಮೇಲೆ ಕಪ್ಪು-ಬಿಳಿ ಚುಕ್ಕೆ, ಅಂಗೈ ಅಂಗಾಲು ಒರಟಾಗಿ ಗಂಟು ಕಟ್ಟುವುದು. ವರ್ಷಗಳ ಮೇಲೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್.

ತಕ್ಷಣ ಹೊಟ್ಟೆನೋವು ಬಂದರೆ ಜನ ಎಚ್ಚರವಾಗುತ್ತಾರೆ. ಇದು ಹಾಗಲ್ಲ. ದಿನಾ ಚೂರುಚೂರೇ ಒಳಗೆ ಹೋಗಿ, ಹತ್ತು-ಇಪ್ಪತ್ತು ವರ್ಷಕ್ಕೆ ಬಾಗಿಲು ತಟ್ಟುವಂಥದ್ದು. ಆಗ ಯಾವ ಹೂಕುಂಡದ ಮಣ್ಣನ್ನು ನೆನಪು ಮಾಡಿಕೊಳ್ಳುವುದು?

ಹೂದೋಟದಲ್ಲಿ ಹೆಚ್ಚು ಅಪಾಯ ಯಾರಿಗೆ? ಮಣ್ಣಾಡುವ ಮಕ್ಕಳಿಗೆ. ಕೈ ಬಾಯಿಗೆ ಹೋಗುವ ವಯಸ್ಸು ಅದು. ಆಮೇಲೆ, ಮಾಸ್ಕಿಲ್ಲದೆ ಹಳೇ ಹಲಗೆ ಕೊಯ್ಯುವ ಬಡಗಿಗೆ, ಚೂರು ಮಾಡುವ ಯಂತ್ರದ ಮುಂದೆ ನಿಲ್ಲುವ ಕೂಲಿಯವನಿಗೆ.

ನಂಜನಗೂಡಿನ ನೀರು ನರಸೀಪುರಕ್ಕೆ

ಈ ಎರಡು ತಾಲ್ಲೂಕುಗಳಿಗೆ ಇದರಲ್ಲಿ ಒಂದು ವಿಶೇಷ ಚಿಂತೆಯುಂಟು. ನಂಜನಗೂಡಿನ ಪಕ್ಕದಲ್ಲಿ ಹರಿಯುವ ಕಪಿಲೆ ಹೋಗಿ ಕಾವೇರಿಗೆ ಸೇರುವುದು ತಿರುಮಕೂಡಲಿನಲ್ಲಿ. ಮೇಲಿನ ಊರಿನ ನೆಲ ತೊಳೆದ ಮಳೆನೀರು ಕೆಳಗಿನ ಊರಿನ ಗದ್ದೆಗೆ ಹೋಗುವುದು ನದಿಯ ಸಹಜ ಧರ್ಮ. ನಂಜನಗೂಡಿನವರ ಗುಜರಿ ನರಸೀಪುರದವರ ತಲೆನೋವೂ ಹೌದು.

ಟಿ. ನರಸೀಪುರ ಭತ್ತದ ಸೀಮೆ. ಭತ್ತಕ್ಕೂ ಆರ್ಸೆನಿಕ್ಕಿಗೂ ಕೆಟ್ಟ ನಂಟು. ಒಣ ಮಣ್ಣಿನಲ್ಲಿ ಆರ್ಸೆನಿಕ್ ಕಬ್ಬಿಣದ ಅಂಶಕ್ಕೆ ಅಂಟಿಕೊಂಡು ಕೂತಿರುತ್ತದೆ. ಗದ್ದೆಗೆ ನೀರು ಕಟ್ಟಿ ನಿಲ್ಲಿಸಿದಾಗ ಮಣ್ಣಿಗೆ ಗಾಳಿಯಾಡದೆ ಆ ಹಿಡಿತ ಸಡಿಲವಾಗುತ್ತದೆ. ಆಗ ಬೇರು ಅದನ್ನು ಹೀರುತ್ತದೆ. ಉಳಿದ ಧಾನ್ಯಗಳಿಗಿಂತ ಭತ್ತ ಇದನ್ನು ಹೆಚ್ಚು ಹೀರುವುದರಿಂದಲೇ ಅಂತರರಾಷ್ಟ್ರೀಯ ಆಹಾರ ಮಾನಕಗಳ ಕೋಡೆಕ್ಸ್ ಆಯೋಗ 2014ರಲ್ಲಿ ಪಾಲಿಶ್ ಅಕ್ಕಿಗೆ ಕೆ.ಜಿ.ಗೆ 0.2 ಮಿಲಿಗ್ರಾಂ ಎಂಬ ಮಿತಿ ಗೊತ್ತು ಮಾಡಿತು. ಗದ್ದೆ ಬದುವಿನ ಮೇಲೆ ಮದ್ದಿನ ಮರದ ಚೂರನ್ನೋ ಬೂದಿಯನ್ನೋ ಸುರಿಯುವ ಮೊದಲು ಇದೊಂದು ಮಾತು ನೆನಪಿರಲಿ.

ನಂಜನಗೂಡಿನ ಕಡೆ ರಸಬಾಳೆಯ ಸಂಗತಿ. ದೇವರಸನಹಳ್ಳಿಯ ಹೆಸರು ಹೇಳಿದರೆ ಬಾಯಲ್ಲಿ ನೀರೂರಿಸುವ ಹಣ್ಣು. ಪನಾಮಾ ಸೊರಗು ರೋಗಕ್ಕೆ ತುತ್ತಾಗಿ ತೋಟಗಳು ಬರಿದಾದ ಮೇಲೆ, ಭೌಗೋಳಿಕ ಗುರುತು ಪಡೆದು ಮತ್ತೆ ತಲೆಯೆತ್ತಲು ಹೆಣಗುತ್ತಿರುವ ತಳಿ ಅದು. ಮಣ್ಣಿನ ಬಲವೇ ಅದರ ಬಲ. ಅಂಥ ಮಣ್ಣಿಗೆ ತಾಮ್ರ, ಬೋರಾನ್ ಬೇಕಾಬಿಟ್ಟಿ ತುಂಬಿದರೆ ಎರೆಹುಳುವೂ ಉಳಿಯುವುದಿಲ್ಲ, ಮಣ್ಣಿನ ಸೂಕ್ಷ್ಮಜೀವಿಯೂ ಉಳಿಯುವುದಿಲ್ಲ.

ಇನ್ನು ರೇಷ್ಮೆ. ಸರ್ಕಾರಿ ರೇಷ್ಮೆ ನೂಲು ಗಿರಣಿ ಇರುವ ಊರು ಟಿ. ನರಸೀಪುರ. ಹಿಪ್ಪುನೇರಳೆ ಎಲೆಗೆ ಕೀಟನಾಶಕದ ಸೋಂಕು ತಗುಲಿದರೂ ಹುಳು ತಲೆಯೆತ್ತಿ ಒದ್ದಾಡಿ ಸಾಯುತ್ತದೆ ಎಂಬುದು ರೇಷ್ಮೆ ಸಾಕುವ ಮನೆಯ ಮಗುವಿಗೂ ಗೊತ್ತು. ಗೆದ್ದಲು ಎಣ್ಣೆ ಕುಡಿದ ಚೌಕಟ್ಟಿನ ಹೊಟ್ಟನ್ನು ಹಿಪ್ಪುನೇರಳೆ ತೋಟಕ್ಕೋ ಹುಳುಮನೆಯ ಹತ್ತಿರಕ್ಕೋ ತರುವುದು ಕೈಯಾರೆ ಬೆಳೆ ಕಳೆದುಕೊಂಡ ಹಾಗೆ.

ಈ ಮರ ಎಲ್ಲಿಂದ ಬರುತ್ತದೆ?

ಮೊದಲನೆಯದು ರೈಲು. ಮೈಸೂರು–ನಂಜನಗೂಡು ರೈಲು ಮಾರ್ಗ ಹತ್ತೊಂಬತ್ತನೇ ಶತಮಾನದ್ದು. 1735ರ ದಳವಾಯಿ ಸೇತುವೆಯ ಮೇಲೇ ಹಾದುಹೋದ ಮೀಟರ್ ಗೇಜ್ ಗಾಡಿಯನ್ನು ಹಳಬರೆಲ್ಲ ಬಲ್ಲರು. 2000ದ ದಶಕದ ಕೊನೆಗೆ ಬ್ರಾಡ್ ಗೇಜ್ ಬಂತು, ಹಳಿಯ ಕೆಳಗೆ ಕಾಂಕ್ರೀಟು ಸ್ಲೀಪರ್ ಬಂತು. ಹಳೇ ಮರದ ಸ್ಲೀಪರುಗಳನ್ನು ಹರಾಜಿನಲ್ಲಿ ಮಾರುವುದು ರೈಲ್ವೆಯ ಹಳೇ ಪದ್ಧತಿ. ಹಾಗೆ ಮಾರಾಟವಾದವು ದೇಶದ ತುಂಬ ಗೇಟಿನ ಕಂಬ, ಹೊಲದ ಬೇಲಿ, ಬೆಂಚು ಆಗಿ ನಿಂತಿವೆ. ಅವುಗಳಲ್ಲಿ ಎಲ್ಲವೂ ಕ್ರಿಯೊಸೋಟ್ ಕುಡಿದವಲ್ಲ. ಗಟ್ಟಿ ಜಾತಿಯ ಮರವನ್ನು ಹಾಗೇ ಹಾಕುತ್ತಿದ್ದುದೂ ಉಂಟು. ಕಪ್ಪಾಗಿದ್ದು ಡಾಂಬರು ವಾಸನೆ ಬಂದರೆ ಅನುಮಾನವೇ ಬೇಡ. ಅಮೆರಿಕದಲ್ಲಿ ಮನೆಬಳಕೆಗೆ ಕ್ರಿಯೊಸೋಟ್ ಮದ್ದಿಗೆ ಅನುಮತಿಯೇ ಇಲ್ಲ.

ಎರಡನೆಯದು ಪ್ಯಾಕಿಂಗ್ ಮರ. ನಂಜನಗೂಡು, ತಾಂಡ್ಯ ಕೈಗಾರಿಕಾ ಪ್ರದೇಶದಂಥ ಕಡೆ ಯಂತ್ರ, ಸರಕು ಬರುವುದು ಮರದ ಪೆಟ್ಟಿಗೆ, ಪ್ಯಾಲೆಟ್ಟುಗಳ ಮೇಲೆ. ಇದರಲ್ಲಿ ಒಂದು ಸಮಾಧಾನದ ಸಂಗತಿಯಿದೆ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಕಿಂಗ್ ಮರಕ್ಕೆ 2002ರಲ್ಲಿ ಅಂತರರಾಷ್ಟ್ರೀಯ ನಿಯಮ ಬಂದಿದ್ದು, ಮರದ ಮೇಲೆ ಗೋಧಿ ತೆನೆಯ ಚಿತ್ರದ ಮುದ್ರೆ ಹೊಡೆದಿರುತ್ತಾರೆ. ಮುದ್ರೆಯಲ್ಲಿ ಎಚ್.ಟಿ. ಎಂದಿದ್ದರೆ ಅದಕ್ಕೆ ಮದ್ದು ಹಾಕಿಲ್ಲ, ಬರೀ ಬಿಸಿ ಕೊಟ್ಟಿದ್ದಾರೆ ಎಂದರ್ಥ. ಮರದ ತಿರುಳಿನವರೆಗೆ 56 ಡಿಗ್ರಿ ಶಾಖ, 30 ನಿಮಿಷ. ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಗಾಳಿ ಹಾಯಿಸಿದ್ದು. ಗಾಳಿ ಬಹುಪಾಲು ಹಾರಿಹೋಗುತ್ತದಾದರೂ ಅಂಥದ್ದನ್ನು ತರಕಾರಿ ತೋಟಕ್ಕೆ ತಾರದಿರುವುದು ಲೇಸು. ಮುದ್ರೆಯೇ ಇಲ್ಲದಿದ್ದರೆ ಮರದ ಜಾತಕವೇ ಇಲ್ಲ ಎಂದು ತಿಳಿಯಬೇಕು. ಎಚ್.ಟಿ. ಮುದ್ರೆಯಿದ್ದರೂ ಮೇಲೆ ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಕಂಡರೆ ಅದೂ ಬೇಡ.

ಮೂರನೆಯದು ಕೆಡವಿದ ಮನೆಗಳ ಬಾಗಿಲು, ಕಿಟಕಿ, ತೊಲೆ. ನಾಲ್ಕನೆಯದು ಪ್ಲೈವುಡ್, ಪದರದ ಹಲಗೆ. ಇದರಲ್ಲಿ ಮರಕ್ಕಿಂತ ಅಂಟಿನದೇ ಚಿಂತೆ. ಫಾರ್ಮಾಲ್ಡಿಹೈಡ್ ಅಂಟು, ಗೆದ್ದಲು ಮದ್ದು ಎರಡೂ ಸೇರಿರುತ್ತವೆ.

ಬೂದಿಯ ಭ್ರಮೆ

"ಹಾಗಾದರೆ ಸುಟ್ಟುಬಿಟ್ಟರಾಯ್ತಲ್ಲ" ಎನ್ನುವವರಿದ್ದಾರೆ. ಕೀಟನಾಶಕ ಬೆಂಕಿಗೆ ಒಡೆದುಹೋಗಬಹುದು. ಆರ್ಸೆನಿಕ್, ಕ್ರೋಮಿಯಂ, ಸೀಸ ಹಾಗಲ್ಲ. ಅವು ಮೂಲವಸ್ತುಗಳು, ಬೆಂಕಿಗೆ ನಾಶವಾಗುವ ಜಾತಿಯವಲ್ಲ. ಒಂದು ಪಾಲು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ಗಾಡಿ ಮರ ಉರಿದು ಒಂದು ಬುಟ್ಟಿ ಬೂದಿಯಾದರೆ, ಗಾಡಿಯಷ್ಟು ವಿಷ ಬುಟ್ಟಿಯೊಳಗೆ ಗಟ್ಟಿಯಾದಂತೆ.

ಇಲ್ಲಿ ಬೂದಿಗೆ ಇರುವ ಮರ್ಯಾದೆ ಎಲ್ಲರಿಗೂ ಗೊತ್ತು. ಪಾತ್ರೆ ತಿಕ್ಕಲು ಬೂದಿ, ಸೊಪ್ಪಿನ ಮಡಿಗೆ ಹುಳು ಬೀಳದಂತೆ ಬೂದಿ, ತೆಂಗಿನ ಬುಡಕ್ಕೆ ಬೂದಿ. ಸ್ನಾನದ ಒಲೆಗೆ, ಆಲೆಮನೆಗೆ, ಹೋಟೆಲ್ ಒಲೆಗೆ, ಇಟ್ಟಿಗೆ ಗೂಡಿಗೆ ಹಳೇ ಹಲಗೆ ಹಾಕುವವರು ಸೌದೆಯ ದರ ನೋಡುತ್ತಾರೆಯೇ ಹೊರತು ಸೌದೆಯ ಹಿಂದಿನ ಜನ್ಮ ನೋಡುವುದಿಲ್ಲ. ಹಸಿರು ಛಾಯೆಯ ಮರ, ಡಾಂಬರು ಮರ, ಬಣ್ಣದ ಮರ, ಪ್ಲೈವುಡ್ – ಈ ನಾಲ್ಕು ಯಾವ ಒಲೆಗೂ ಹೋಗಕೂಡದು.

ಮಣ್ಣಿನ ಚೀಟಿ ಹೇಳದ ಮಾತು

ಮಣ್ಣು ಪರೀಕ್ಷೆ ಮಾಡಿಸಿದ್ದೇವೆ, ಎಲ್ಲ ಸರಿಯಿದೆ ಎಂದು ನೆಮ್ಮದಿಯಾಗಿರುವವರಿಗೆ ಒಂದು ಮಾತು. 2015ರಲ್ಲಿ ಕೇಂದ್ರ ಸರ್ಕಾರ ತಂದ ಮಣ್ಣು ಆರೋಗ್ಯ ಚೀಟಿ 12 ಅಂಶಗಳನ್ನು ನೋಡುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್‌ನಿಂದ ಹಿಡಿದು ಸತು, ತಾಮ್ರ, ಬೋರಾನ್‌ವರೆಗೆ. ಆ ಪಟ್ಟಿಯಲ್ಲಿ ಆರ್ಸೆನಿಕ್ ಇಲ್ಲ, ಕ್ರೋಮಿಯಂ ಇಲ್ಲ, ಸೀಸ ಇಲ್ಲ. ಬೆಳೆಗೆ ಏನು ಕಡಿಮೆಯಿದೆ ಎಂದು ಹೇಳುವ ಚೀಟಿ ಅದು. ವಿಷ ಏನಿದೆ ಎಂದು ಹೇಳುವುದು ಅದರ ಕೆಲಸವಲ್ಲ. ಅನುಮಾನವಿದ್ದವರು ಇಂಥ ಲೋಹಗಳನ್ನೇ ನೋಡುವ ಪ್ರಯೋಗಾಲಯಕ್ಕೆ ಹೋಗಬೇಕು.

ಪ್ರಯೋಗಾಲಯಕ್ಕೆ ಹೋಗುವವರು ಎಷ್ಟು ಮಂದಿ? ಐವತ್ತು ರೂಪಾಯಿ ಚೀಲಕ್ಕೆ ಸಾವಿರಾರು ರೂಪಾಯಿ ಪರೀಕ್ಷೆ ಯಾರು ಮಾಡಿಸುತ್ತಾರೆ? ಅಲ್ಲಿಗೇ ವಿಷಯದ ತಿರುಳು ಬಂತು. ಮರ ಹಲಗೆಯಾಗಿರುವಾಗ ಗುರುತು ಹಿಡಿಯಲು ಕಣ್ಣು, ಮೂಗು ಸಾಕು. ಹಸಿರು ಛಾಯೆ ಕಾಣುತ್ತದೆ, ಮುದ್ರೆ ಕಾಣುತ್ತದೆ, ಬಣ್ಣದ ಪದರ ಕಾಣುತ್ತದೆ, ಡಾಂಬರು ವಾಸನೆ ಬರುತ್ತದೆ. ಅದೇ ಪುಡಿಯಾದ ಮೇಲೆ ದೊಡ್ಡ ಯಂತ್ರವೇ ಬೇಕು. ಪುಡಿಯಾದ ಮರಕ್ಕೆ ಗುರುತಿಲ್ಲ. ಆದ್ದರಿಂದ ಬೇರ್ಪಡಿಸುವ ಕೆಲಸ ನಡೆಯಬೇಕಾದ್ದು ಗುಜರಿ ಅಂಗಡಿಯ ಅಂಗಳದಲ್ಲಿ, ಸಾಮಿಲ್ಲಿನ ಬಾಗಿಲಲ್ಲಿ. ತೋಟದಲ್ಲಲ್ಲ.

ಹೆದರಿಕೆ ಬೇಡ, ವಿಚಾರಣೆ ಬೇಕು

ಎಲ್ಲ ಮರದ ಹೊಟ್ಟೂ ವಿಷವೆಂದು ಯಾರೂ ಹೆದರಬೇಕಾಗಿಲ್ಲ. ಹೊಸದಾಗಿ ಕಡಿದ ನೀಲಗಿರಿ, ಸಿಲ್ವರ್ ಓಕ್, ಬೇವು, ಮಾವಿನ ಮರ ಕೊಯ್ದ ಹೊಟ್ಟಿನಲ್ಲಿ ಮದ್ದಿರುವುದಿಲ್ಲ. ಅದನ್ನೂ ಹಸಿಯಾಗಿ ಮಣ್ಣಿನೊಳಗೆ ಬೆರೆಸಬಾರದು ಅಷ್ಟೆ. ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತದೆ, ಗಿಡ ಹಳದಿಯಾಗುತ್ತದೆ. ಮೇಲೆ ಹಾಸಿದರೆ ಆ ತೊಂದರೆ ಕಡಿಮೆ.

ಅಷ್ಟಕ್ಕೂ ಈ ಎರಡು ತಾಲ್ಲೂಕಿನಲ್ಲಿ ಹೊದಿಕೆಗೆ ಬರವೇ? ಕಬ್ಬಿನ ತರಗಿಗೆ ಗದ್ದೆಯಲ್ಲೇ ಬೆಂಕಿ ಹಚ್ಚುತ್ತಾರೆ. ಬಾಳೆ ಗೊನೆ ಕಡಿದ ಮೇಲೆ ದಿಂಡು ರಸ್ತೆ ಬದಿ ಕೊಳೆಯುತ್ತದೆ. ಎಳನೀರು ಬುರುಡೆ ಬಸ್ ನಿಲ್ದಾಣದ ಹೊರಗೆ ರಾಶಿ ಬೀಳುತ್ತದೆ. ತೆಂಗಿನ ಮಟ್ಟೆ, ಭತ್ತದ ಹುಲ್ಲು, ಹೊಂಗೆ ಸೊಪ್ಪು, ಗೊಬ್ಬರದ ಗಿಡದ ಸೊಪ್ಪು ಎಲ್ಲ ಇಲ್ಲೇ ಉಂಟು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ, ಇವನ್ನೆಲ್ಲ ಸುಟ್ಟು ಬಣ್ಣದ ಚೂರಿನ ಚೀಲ ಕೊಳ್ಳುವುದು ಯಾವ ಜಾಣತನ? ಸುತ್ತೂರಿನ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ. ಯಾವ ಬೆಳೆಗೆ ಯಾವ ಹೊದಿಕೆ, ಎಷ್ಟು ದಪ್ಪ ಎಂದು ಕೇಳಲು ದೂರ ಹೋಗಬೇಕಾಗಿಲ್ಲ.

ಗುಜರಿ ವ್ಯಾಪಾರಿಗಳು ಮಾಡಬಹುದಾದ್ದು ಸುಲಭ. ಬಂದ ಹಳೇ ಮರವನ್ನು ಎರಡು ರಾಶಿ ಮಾಡುವುದು. ಬಣ್ಣ, ಡಾಂಬರು, ಹಸಿರು ಛಾಯೆ, ಅಂಟು – ಇವು ಒಂದು ಕಡೆ. ಬರೀ ಮರ ಇನ್ನೊಂದು ಕಡೆ. ಮೊದಲನೇ ರಾಶಿಯಲ್ಲಿ ಗಟ್ಟಿ ಇರುವುದನ್ನು ಮತ್ತೆ ಚೌಕಟ್ಟಾಗಿಯೋ, ಕಂಬವಾಗಿಯೋ ಮಾರಲಿ. ಸೌದೆಗೆ, ಪುಡಿಗೆ ಮಾತ್ರ ಬೇಡ. ನರ್ಸರಿಯವರು ಚೂರು ಕೊಳ್ಳುವಾಗ "ಇದು ಯಾವ ಮರದ್ದು?" ಎಂದು ಒಂದು ಪ್ರಶ್ನೆ ಕೇಳಲಿ. ಉತ್ತರ ಬರದಿದ್ದರೆ ಕೊಳ್ಳದಿರಲಿ. ಗಿರಾಕಿಗೂ ಆ ಪ್ರಶ್ನೆ ಕೇಳುವ ಹಕ್ಕಿದೆ.

ನಂಜನಗೂಡು ನಗರಸಭೆ, ಟಿ. ನರಸೀಪುರ ಪುರಸಭೆಗಳ ಪಾಲೂ ಇದೆ. ಕಟ್ಟಡ ಕೆಡವಿದ ತ್ಯಾಜ್ಯವನ್ನು ಬೇರ್ಪಡಿಸಬೇಕೆಂದು ಕೇಂದ್ರದ ನಿಯಮ ಬಂದದ್ದು 2016ರಲ್ಲಿ. ಇಟ್ಟಿಗೆ, ಕಬ್ಬಿಣದ ಮಾತು ಬಂದಷ್ಟು ಬಣ್ಣದ ಮರದ ಮಾತು ಬಂದಿಲ್ಲ. ಮನೆ ಕೆಡವಲು ಪರವಾನಗಿ ಕೊಡುವಾಗಲೇ ಹಳೇ ಬಾಗಿಲು, ಪ್ಲೈವುಡ್ ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಾಲು ಬರೆಸಿಕೊಂಡರೆ ಬೊಕ್ಕಸಕ್ಕೆ ಏನೂ ಖರ್ಚಾಗದು. ಊರಿನ ಉದ್ಯಾನಕ್ಕೆ ಚೂರು ತರಿಸುವ ಗುತ್ತಿಗೆಯಲ್ಲಿ "ಮದ್ದು ಹಾಕದ ಮರ" ಎಂಬ ಮೂರು ಪದ ಸೇರಿಸಿದರೆ ಅದೇ ದೊಡ್ಡ ಉಪಕಾರ.

ನಂಜುಂಡೇಶ್ವರ ವಿಷವನ್ನು ಹೊಟ್ಟೆಗಿಳಿಸದೆ ಗಂಟಲಲ್ಲೇ ತಡೆದ. ಅದಕ್ಕೇ ಶ್ರೀಕಂಠನಾದ. ಹಳೇ ಮರದ ನಂಜಿಗೆ ಗಂಟಲೆಂದರೆ ಗುಜರಿ ಅಂಗಡಿ. ಅಲ್ಲಿ ತಡೆದರೆ ತಡೆದಂತೆ. ಅಲ್ಲಿಂದ ಕೆಳಗಿಳಿದರೆ ಮಣ್ಣು, ಮಣ್ಣಿನಿಂದ ಕಪಿಲೆ, ಕಪಿಲೆಯಿಂದ ಗದ್ದೆ, ಗದ್ದೆಯಿಂದ ತಟ್ಟೆ. ಸಂಬಂಧಪಟ್ಟವರು ಈ ಮಳೆಗಾಲಕ್ಕೆ ಮುಂಚೆಯೇ ಆ ಎರಡು ರಾಶಿಯ ಏರ್ಪಾಡು ಮಾಡಿಸುವರೇ?